ಅತ್ತೆಯ ಅಂಗೈಯಲ್ಲಿ ಕರಿಮೀನು

ಕರೆಂಟ್ ಹೋದ ಸಂಜೆ ಮೊಬೈಲ್ ಬೆಳಕು ಹಿಡಿದು ಶಹಾಪುರದ ನಮ್ಮ ಮನೆಯ ಪಡಸಾಲೆಗೆ ಬಂದರೆ, ಅತ್ತೆ ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಕೂತಿದ್ದರು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮೊಳದುದ್ದದ, ಚಾಕುವಿನಂತೆ ಚಪ್ಪಟೆಯಾದ ಕರಿ ನೈಫ್ ಫಿಶ್ ಬಾಲ ಮುಂದು ಮಾಡಿ, ಹಿಮ್ಮುಖವಾಗಿ ಜಾರುತ್ತ ಬಂದು ಅವರ ಅಂಗೈಯಲ್ಲಿ ಮಗ್ಗುಲಾಗಿ ಮಲಗಿತು.

ಅದರ ಮೈಯಿಂದ ಸಣ್ಣಗೆ ವಿದ್ಯುತ್ ಹೊರಡುತ್ತದೆ, ಕತ್ತಲಲ್ಲಿ ಅದರಿಂದಲೇ ದಾರಿ ಹುಡುಕುತ್ತದೆ ಎಂದು ಅದನ್ನು ಮಾರಿದ ಯಾದಗಿರಿಯ ಅಂಗಡಿಯವರು ಹೇಳಿದ್ದರು. ಮುಟ್ಟಿದರೆ ಏನೂ ಆಗುವುದಿಲ್ಲ ಎಂದೂ ಹೇಳಿದ್ದರು. ಆದರೂ ನಾನು ಒಮ್ಮೆಯೂ ಮುಟ್ಟಿರಲಿಲ್ಲ.

“ಅತ್ತಿ, ಕೈ ತಗೀರಿ!” ಎಂದು ಕೂಗಿದೆ.

ಅವರು ಅಲುಗಲಿಲ್ಲ. “ಸುಮ್ನಿರವ್ವ. ಇದರ ಹೊಟ್ಟಿ ಉಬ್ಬ್ಯಾದ. ಸಣ್ಣವು ಒಂದೂ ಕೈಗೆ ಹತ್ತವಲ್ವು.”

ಅದಕ್ಕೆ ಜೊತೆಯಿರಲಿ ಎಂದು ನನ್ನ ಗಂಡ ಹಿಂದಿನ ದಿನವಷ್ಟೇ ಕೆಂಪು ಗೆರೆಯ ಪುಟ್ಟ ಟೆಟ್ರಾ ಮೀನುಗಳನ್ನು ತಂದು ಬಿಟ್ಟಿದ್ದರು. ಮಧ್ಯಾಹ್ನ ಅವು ಗುಂಪಾಗಿ ಓಡಾಡುತ್ತಿದ್ದುದನ್ನು ನಾನೇ ನೋಡಿದ್ದೆ. ಗಿಡಗಳ ಸಂದಿಯಲ್ಲಿ, ಕಲ್ಲಿನ ಹಿಂದೆ ಬೆಳಕು ಬಿಟ್ಟು ಹುಡುಕಿದೆ. ಒಂದು ರೆಕ್ಕೆಯೂ ಸಿಗಲಿಲ್ಲ. ನೀರು ಮಾತ್ರ ತಿಳಿಯಾಗಿತ್ತು. ಅತ್ತೆ ಆ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದರು.

ಈಗ ಅದರ ಬಾಯಲ್ಲಿ ಹಿಡಿಯದಂಥ ದೊಡ್ಡ ಏಂಜಲ್ ಮೀನುಗಳನ್ನು ಬಿಟ್ಟಿದ್ದೇವೆ, ಅವು ಆರಾಮಾಗಿವೆ. ಆರಾಮಿಲ್ಲದ್ದು ನನಗೆ. ಕತ್ತಲಾದ ಪಡಸಾಲೆಗೆ ನಾನು ಎಷ್ಟೇ ಸದ್ದಿಲ್ಲದೆ ಕಾಲಿಟ್ಟರೂ, ಲೈಟ್ ಹಾಕುವಷ್ಟರಲ್ಲಿ ಅತ್ತೆಯ ಮುಖವೂ ಆ ಮೀನೂ ನನ್ನ ಕಡೆಗೇ ತಿರುಗಿರುತ್ತವೆ.