ಹಂಚ ಕಾದೈತಿ ನೋಡ

ನಾನು ಎಂ.ಎ. ಓದಿದ್ದು ರೊಟ್ಟಿ ಬಡಿಯುತ್ತ. ಹೀಗೆಂದರೆ ಕೆಲವರು, ಪಾಪ, ಕಷ್ಟಪಟ್ಟು ಮೇಲೆ ಬಂದ ಹೆಣ್ಣುಮಗಳು ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಬೇರೆ ಕೆಲಸಕ್ಕೆ ಕರೆಯದಿದ್ದ ಹೊತ್ತೆಂದರೆ ರೊಟ್ಟಿ ಬಡಿಯುವ ಹೊತ್ತೊಂದೇ.

ನನ್ನ ತವರು ರಾಮದುರ್ಗ, ಕೊಟ್ಟದ್ದು ದೊಡವಾಡಕ್ಕೆ. ಮದುವೆಯ ಮಾತುಕತೆಯ ದಿನ ನಮ್ಮಪ್ಪ, ಮಗಳು ಮುಂದೆ ಓದಬೇಕಂತಾಳೆ ಎಂದು ಅಂಜುತ್ತ ಬಾಯಿಬಿಟ್ಟರು. ನನ್ನ ಅತ್ತೆಯಾಗುವವರು ಎಲೆಗೆ ಸುಣ್ಣ ಸವರುತ್ತಿದ್ದವರು ತಲೆಯೆತ್ತಲೂ ಇಲ್ಲ. "ಓದ್ಲಿ. ರೊಟ್ಟಿ ನಿಂದ್ರಬಾರ್ದು, ಅಷ್ಟ," ಎಂದರು. ನಮ್ಮಪ್ಪನಿಗೆ ಅದು ವರದಕ್ಷಿಣೆ ಮಾಫ್ ಆದಷ್ಟು ಖುಷಿ ಕೊಟ್ಟಿತು. ರೊಟ್ಟಿ ಬಡಿಯುವವರು ಅವರಲ್ಲವಲ್ಲ.

ಅತ್ತೆಯವರ ಬಲಗೈ ರಟ್ಟೆ ಬಹಳ ದಿನದಿಂದ ನೋಯುತ್ತಿತ್ತು, ಹಿಟ್ಟು ನಾದುವುದೂ ಆಗುತ್ತಿರಲಿಲ್ಲ. ಬೆಳಗಿನ ರೊಟ್ಟಿ ಹೊಲದ ಬುತ್ತಿಗೆ, ಸಂಜೆಯದು ಮನೆಗೆ. ಬೆಳಗಿನದನ್ನು ಮುಗಿಸಿ ಬೈಲಹೊಂಗಲದ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪಾಠ ಅರ್ಧ ಮುಗಿದಿರುತ್ತಿತ್ತು. ಬಾಗಿಲ ಪಕ್ಕದ ಬೆಂಚನ್ನು ನನಗೆಂದೇ ಬಿಟ್ಟಿದ್ದರು. ನಾನು ಬಂದು ಕುಳಿತರೆ ಸುಟ್ಟ ಹಿಟ್ಟಿನ ವಾಸನೆ ಬರುತ್ತದೆಂದು ಹುಡುಗಿಯರು ನಗುತ್ತಿದ್ದರು. ನಗಲಿ ಬಿಡಿ, ಮಧ್ಯಾಹ್ನ ಅದೇ ರೊಟ್ಟಿಗೆ ಕೈಚಾಚುವವರೂ ಅವರೇ.

ಎರಡನೆಯ ವರ್ಷ ಸಮಾಜಶಾಸ್ತ್ರದ ಮೇಡಂ ಒಂದು ಪ್ರಬಂಧ ಬರೆಯಲು ಹೇಳಿದರು. ವಿದ್ಯಾರ್ಥಿಗಳ ಓದಿನ ಮೇಲೆ ಪ್ರಭಾವ ಬೀರುವ ಅಂಶಗಳು ಮತ್ತು ತಂತ್ರಜ್ಞಾನದ ಬಳಕೆ ಎಂಬುದು ವಿಷಯ. ನನ್ನ ಗೆಳತಿಯರು ತಂತ್ರಜ್ಞಾನವನ್ನು ಅಲ್ಲೇ ಬಳಸಿ, ಕ್ಯಾಂಟೀನಿನಲ್ಲಿ ಚಹಾ ಬರುವುದರೊಳಗೆ ಮೊಬೈಲಿನಿಂದ ಪ್ರಬಂಧ ಇಳಿಸಿಕೊಂಡರು. ಎಲ್ಲರದ್ದೂ ಒಂದೇ ಪ್ರಬಂಧ, ಎಲ್ಲರದರಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು. ನನಗೂ ಆಸೆಯಾಗದೆ ಇರಲಿಲ್ಲ. ಆದರೆ ಸಂಜೆಯ ರೊಟ್ಟಿಗೆ ಓಡುವವಳಿಗೆ ಕ್ಯಾಂಟೀನಿನಲ್ಲಿ ಕೂರಲು ಹೊತ್ತಿರಲಿಲ್ಲ, ನಮ್ಮ ಹಳ್ಳಿಯ ನೆಟ್‌ವರ್ಕಿಗೆ ಅಷ್ಟು ಉದ್ದದ ಕಳ್ಳತನದ ತಾಕತ್ತು ಇರಲಿಲ್ಲ. ಹಾಗಾಗಿ ಪ್ರಾಮಾಣಿಕಳಾದೆ.

ಬರೆಯಲು ಹೊತ್ತೆಲ್ಲಿ? ಮೊಬೈಲಿಗೆ ಬಾಯಿಂದ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ನನ್ನ ಗಂಡ ತೋರಿಸಿಕೊಟ್ಟರು. ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ಎರಡೂ ಕೈ ಹಿಟ್ಟಿನಲ್ಲಿಟ್ಟುಕೊಂಡೇ ಪ್ರಬಂಧ ಶುರು ಮಾಡಿದೆ. ಅದಕ್ಕೆ ನಮ್ಮ ಮಾತು ತಿಳಿಯುವುದಿಲ್ಲ ಎಂಬುದು ಮೊದಲ ಸಾಲಿಗೇ ಗೊತ್ತಾಯಿತು. "ಹುಡುಗರು ಮೊಬೈಲ್ ನೋಡಾಕತ್ತಾರ" ಎಂದರೆ "ಹುಡುಗರು ಮೊಬೈಲ್ ನೋಡ ಕತ್ತರಿ" ಎಂದು ಬರೆಯಿತು. ಬೆಂಗಳೂರಿನ ಕಡೆ ಹುಟ್ಟಿ ಬೆಳೆದದ್ದು, ಅದರದೇನು ತಪ್ಪು? ನಾನೇ ಟಿವಿಯಲ್ಲಿ ವಾರ್ತೆ ಓದುವವಳ ಹಾಗೆ, "ಇದೆ, ಆಗಿದೆ, ಬೀರುತ್ತದೆ" ಎನ್ನುತ್ತ ರೊಟ್ಟಿ ತಿರುವಿ ಹಾಕತೊಡಗಿದೆ.

ಬಾಗಿಲಲ್ಲಿ ಕುಳಿತು ಬೇಳೆ ಆರಿಸುತ್ತಿದ್ದ ಅತ್ತೆ ಮೊದಲ ದಿನ ಸುಮ್ಮನೆ ನೋಡಿದರು. ಎರಡನೆಯ ದಿನ ಮಗನನ್ನು ಹಿತ್ತಲಿಗೆ ಕರೆದು, ಇವಳಿಗೆ ಮೈಯಲ್ಲಿ ಆರಾಮ ಐತೋ ಇಲ್ಲೋ ಎಂದು ವಿಚಾರಿಸಿದರು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆಯಂತೂ ಯಾವುದೋ ಪ್ರವಚನ ನಡೆದಿದೆ ಎಂದುಕೊಂಡು, ಸೆರಗು ಹೊದ್ದು ಕೈಮುಗಿದು ಕುಳಿತೇಬಿಟ್ಟಳು. ತಂತ್ರಜ್ಞಾನದ ದುಷ್ಪರಿಣಾಮಗಳನ್ನು ಅಷ್ಟು ಭಕ್ತಿಯಿಂದ ಕೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮೊಬೈಲಿಗೆ ಮಾತ್ರ ಯಾರ ಮಾತು ಯಾವುದೆಂಬ ಭೇದವಿರಲಿಲ್ಲ. ಕರುವಿನ ಕೂಗು, ಕುಕ್ಕರಿನ ಸೀಟಿ, ಉಪ್ಪು ಹಾಕಿದೆಯೋ ಇಲ್ಲವೋ ಎಂಬ ವಿಚಾರಣೆ, ಎಲ್ಲಕ್ಕೂ ಏನೋ ಒಂದು ಬರೆದಿಡುತ್ತಿತ್ತು. ಬಸ್ಸಿನಲ್ಲಿ ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಇನ್ನೊಂದರಲ್ಲಿ ಅವನ್ನೆಲ್ಲ ಅಳಿಸುತ್ತ ಹೋಗುತ್ತಿದ್ದೆ. ಒಂದನ್ನು ಅಳಿಸುವುದು ಬಿಟ್ಟುಹೋಯಿತು.

ಅದನ್ನು ಮೇಡಂ ತರಗತಿಯಲ್ಲಿ ಎಲ್ಲರೆದುರು ಓದಿದರು. "ವಿದ್ಯಾರ್ಥಿನಿಯರ ಓದಿನ ಮೇಲೆ ಪ್ರಭಾವ ಬೀರುವ ಅತಿ ಮುಖ್ಯ ಅಂಶವೆಂದರೆ ಹಂಚ ಕಾದೈತಿ ನೋಡ."

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ನಾಚಿಕೆಗಿಂತ ಸೋಜಿಗವೇ ಹೆಚ್ಚು. ನನ್ನ ಒಂದು "ಐತಿ"ಯನ್ನೂ ಸರಿಯಾಗಿ ಕೇಳಿಸಿಕೊಳ್ಳದ ಮೊಬೈಲು ಅತ್ತೆಯವರ ಮಾತನ್ನು ಒಂದಕ್ಷರ ತಪ್ಪದೆ ಬರೆದಿತ್ತು. ಅದಕ್ಕೂ ಅವರ ಅಂಜಿಕೆ ಇದ್ದಿರಬೇಕು.

ಮೇಡಂ ನಗು ನಿಲ್ಲಿಸಿ ನನ್ನನ್ನು ಕರೆದರು. ವರ್ಷದ ಸೆಮಿನಾರಿನಲ್ಲಿ ಈ ಪ್ರಬಂಧವನ್ನೇ ನಾನು ಓದಬೇಕು, ಆ ಸಾಲು ತೆಗೆಯಕೂಡದು, ಅದರ ಮೇಲೆಯೇ ಇನ್ನೆರಡು ಪುಟ ಬರೆಯಬೇಕು ಎಂದರು. ಸೆಮಿನಾರಿಗೆ ಅಂಕಗಳಿದ್ದವು. ದಿನವೂ ತಡವಾಗಿ ಬಂದು ಹಾಜರಿಯನ್ನೂ ಕಳೆದುಕೊಂಡಿದ್ದ ನಾನು ಅದನ್ನೂ ತಪ್ಪಿಸಿಕೊಂಡರೆ ಆ ವಿಷಯದಲ್ಲಿ ಪಾಸಾಗುವ ಆಸೆ ಬಿಡಬೇಕಿತ್ತು. ಸುಗ್ಗಿಯ ದಿನಗಳು ಬೇರೆ. ಬೆಳಿಗ್ಗೆ ಮೊದಲ ಸರದಿಯೇ ನನ್ನದು, ಹೋದರೆ ನಸುಕಿನ ಬಸ್ಸಿಗೇ ಹೋಗಬೇಕು. ಆಳುಗಳ ರೊಟ್ಟಿಯೂ ಸೇರಿ ಆ ದಿನಗಳಲ್ಲಿ ಬೆಳಗಿನ ಬುಟ್ಟಿ ತುಂಬುವಷ್ಟರಲ್ಲಿ ಆ ಬಸ್ಸು ಬೈಲಹೊಂಗಲ ದಾಟಿರುತ್ತಿತ್ತು.

ಇಷ್ಟರೊಳಗೆ ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ನಮ್ಮೂರ ಹುಡುಗಿಯೊಬ್ಬಳು ಅದೇ ಕಾಲೇಜಿನಲ್ಲಿದ್ದಳು. ಅವಳಿಂದ ಅವಳ ತಾಯಿಗೆ, ತಾಯಿಯಿಂದ ಹಿಟ್ಟಿನ ಗಿರಣಿಗೆ ಹೋದ ಮಾತು, ಜೋಳ ಬೀಸಿಸಲು ಹೋದ ನನ್ನ ಅತ್ತೆಯ ಕಿವಿಗೆ ಬಿದ್ದಿತ್ತು. ಅವರು ಬೈಯಲಿಲ್ಲ. ಅಡುಗೆಮನೆಯಲ್ಲಿ ಮಾತಾಡುವುದನ್ನೇ ಬಿಟ್ಟರು. ಉಪ್ಪಿನ ಡಬ್ಬಿಯ ಕಡೆ ಒಮ್ಮೆ ನೋಡುವುದು, ಬಾಯಿಗೆ ಸೆರಗು ಹಿಡಿಯುವುದು, ಹಂಚು ಕಾದರೆ ಚಿಮಟಿಗೆಯಿಂದ ಸನ್ನೆ ಮಾಡುವುದು. ಮೊಬೈಲು ಬಂದ್ ಇದೆ ಎಂದು ತೋರಿಸಿದರೂ ನಂಬಲಿಲ್ಲ. ಒಂದು ದಿನ ಸನ್ನೆ ನನಗೆ ಕಾಣದೆ ರೊಟ್ಟಿ ಕರಕಾಗುವ ಹೊತ್ತಿಗೆ ಮಾತ್ರ ತಡೆಯಲಾಗದೆ, ಡಬ್ಬಿಯ ಕಡೆ ತಿರುಗಿ, "ರೊಟ್ಟಿ ಸುಡುತ್ತಿದೆ," ಎಂದು ಟಿವಿಯವರ ಕನ್ನಡದಲ್ಲಿ ಹೇಳಿದರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಆಮೇಲೆ ಸಂಕಟವಾಯಿತು. ಅವರ ಮನೆಯಲ್ಲಿ ಅವರ ಮಾತನ್ನೇ ನಾನು ಕಟ್ಟಿಹಾಕಿದ ಹಾಗಾಗಿತ್ತು.

ಬೆಳಗಿನ ರೊಟ್ಟಿ ಬಿಟ್ಟು ಹೋಗಲೇ ಎಂದು ಅತ್ತೆಯನ್ನು ಕೇಳುವ ಧೈರ್ಯ ಸೆಮಿನಾರಿನ ಹಿಂದಿನ ದಿನದವರೆಗೂ ಬರಲಿಲ್ಲ. ಗಂಡನಿಗೆ ಹೇಳಿದರೆ ನೀನೇ ಕೇಳು ಎಂದರು. ತಾಯಿಯ ಮುಂದೆ ಅವರ ಬಾಯಿಗೆ ಬೀಗ. ಸಂಜೆ ಕೊನೆಯ ರೊಟ್ಟಿ ಇಳಿಸಿ ಅತ್ತೆಯ ಹತ್ತಿರ ಹೋಗಿ ಕುಳಿತೆ. ನಾಳೆ ಬೆಳಿಗ್ಗೆ ಮೊದಲ ಸರದಿಗೆ ನನ್ನ ಪ್ರಬಂಧ ಇದೆ, ಅದರಲ್ಲಿ ನಿಮ್ಮ ಮಾತೂ ಬರುತ್ತದೆ, ನೀವು ಬೇಡ ಎಂದರೆ ತೆಗೆದುಬಿಡುತ್ತೇನೆ ಎಂದೆ. ನಸುಕಿನ ಬಸ್ಸಿನ ಮಾತು ಮಾತ್ರ ಎತ್ತಲಿಲ್ಲ.

ಅವರು ರಟ್ಟೆ ನೀವಿಕೊಂಡರು. ಆಮೇಲೆ ಕೇಳಿದರು.

"ಪ್ರಭಾವ ಅಂದ್ರೇನವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಓದಾಕ ಅಡ್ಡ ಬರೂದು ಅಂತ ಅನ್ರಿ."

"ಹಂಗಾರ ನಾ ಅಡ್ಡ ಬರಾಕತ್ತೇನೇನು?"

"ನೀವಲ್ರಿ ಅತ್ತಿ. ಹಂಚ."

ಅವರು ಮಂಡಿಗೆ ಕೈ ಊರಿ ಎದ್ದು ಒಳಗೆ ಹೋದರು. ಆ ಸಾಲನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ನಾನು ಅಲ್ಲೇ ಕುಳಿತೆ.

ಮರುದಿನ ಕೋಳಿ ಕೂಗುವ ಮುಂಚೆ ಎದ್ದು, ಆದಷ್ಟು ಬಡಿದಿಟ್ಟು ಓಡಿದರಾಯಿತು ಎಂದು ಅಡುಗೆಮನೆಗೆ ಬಂದೆ. ಒಲೆಯ ಮೇಲೆ ಹಂಚು ಇರಲಿಲ್ಲ. ಅದು ತೊಳೆಸಿಕೊಂಡು ಹಿತ್ತಲ ಗೋಡೆಗೆ ಬೋರಲು ನಿಂತಿತ್ತು. ಅತ್ತೆ ನೆಲದ ಮೇಲೆ ಕುಳಿತು ಎಡಗೈಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು, ಪಕ್ಕದಲ್ಲಿ ದೊಡ್ಡ ಬುಟ್ಟಿಯ ತುಂಬ ಚುರುಮರಿ. ನನ್ನ ಗಂಡ, ಆಳುಗಳ ಮುಂದೆ ಇದನ್ನು ಹೇಗೆ ಬಿಚ್ಚಲಿ ಎಂಬ ಮುಖ ಮಾಡಿ, ಖಾಲಿ ಬುತ್ತಿಯ ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹಂಚ ಕಾದಿಲ್ಲ ನೋಡ," ಎಂದರು ಅತ್ತೆ, ಉಳ್ಳಾಗಡ್ಡಿಯಿಂದ ಕಣ್ಣೆತ್ತದೆ. "ಹೋಗ, ಬಸ್ಸು ತಪ್ಪೀತು. ನನ್ನ ಮಾತು ಗಟ್ಟ್ಯಾಗಿ ಓದ."

ಬಸ್ಸಿನಲ್ಲಿ ಅವತ್ತು ಕೂರಲು ಜಾಗ ಸಿಕ್ಕಿತು. ಪ್ರಬಂಧ ತೆರೆದಿಟ್ಟುಕೊಂಡರೂ ಕಣ್ಣು ತುಂಬಿ ಒಂದಕ್ಷರ ಕಾಣಲಿಲ್ಲ. ಅತ್ತೆ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ, ನಮ್ಮ ಹೊಲಕ್ಕೆ ರೊಟ್ಟಿಯಿಲ್ಲದ ಬುತ್ತಿ ಹೋದದ್ದು ಅದೇ ಮೊದಲು.