ಇಲವಾಲದ ಎತ್ತು

ನಾನು ನಾಟಕದ ತರಬೇತಿಗೆ ಸೇರಿದ ಕಡೆ ಮೇಷ್ಟ್ರದೊಂದು ಪದ್ಧತಿಯಿತ್ತು. ಪ್ರತಿ ಶನಿವಾರ ಒಬ್ಬರನ್ನು ನಡುವೆ ನಿಲ್ಲಿಸಿ, ಅವರ ಮನೆಯಲ್ಲಾದ ಸಾವನ್ನು ಹೇಳಿಸುತ್ತಿದ್ದರು. ಅತ್ತರೆ ಪಾತ್ರ. ಅಳದಿದ್ದರೆ, "ನೀನು ಕಲ್ಲು. ಹೋಗಿ ಪರದೆ ಎಳಿ." ಒಬ್ಬ ಹುಡುಗಿ ಅತ್ತೂ ಅತ್ತೂ ವಾಂತಿ ಮಾಡಿಕೊಂಡಳು, ಮತ್ತೆ ಬರಲೇ ಇಲ್ಲ. ನಾವು ಅದನ್ನೂ ವಿದ್ಯೆ ಎಂದೇ ತಿಳಿದಿದ್ದೆವು.

ಹತ್ತಿರದ ಹಳ್ಳಿ ಇಲವಾಲದಿಂದ ಬರುತ್ತಿದ್ದ ಒಬ್ಬರ ಸರದಿ ಬಂತು. ಮುಂದೆ ನನ್ನ ಯಜಮಾನರಾದವರು ಅವರೇ. ತಮ್ಮ ಮನೆಯ ಎತ್ತು ಸತ್ತ ಕಥೆ ಹೇಳಿದರು. ಅದು ಸಾಯುವ ಮೊದಲು ತಮ್ಮ ಅಂಗೈ ನೆಕ್ಕಿತು ಎಂದಾಗ ಮೇಷ್ಟ್ರೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಬಸ್ ಸ್ಟಾಪಿನಲ್ಲಿ ನಾನು ಸಮಾಧಾನ ಹೇಳಲು ಹೋದೆ.

"ಎತ್ತೂ ಇಲ್ಲ, ಗಿತ್ತೂ ಇಲ್ಲ ಕಣೇ. ನಮ್ಮಪ್ಪಂದು ಟ್ರ್ಯಾಕ್ಟರು," ಎಂದು ನಕ್ಕರು.

"ಥೂ, ಸುಳ್ಳ! ನಾನು ಅತ್ತಿದ್ದು ವಾಪಸ್ ಕೊಡು."

ಆಗ ನಮ್ಮದಿನ್ನೂ ಏಕವಚನ.

ಮುಂದಿನ ಶನಿವಾರ ನನ್ನದು. ಅಮ್ಮ ಹೋಗಿ ಆರು ತಿಂಗಳಾಗಿತ್ತಷ್ಟೆ. ಅಷ್ಟು ಜನರೆದುರು ಅವಳನ್ನು ಇನ್ನೊಮ್ಮೆ ಸಾಯಿಸಬೇಕಲ್ಲ ಎಂದು ಊಟ ಸೇರುತ್ತಿರಲಿಲ್ಲ. ಇವರ ಹತ್ತಿರ ಹೇಳಿಕೊಂಡೆ.

"ಅಮ್ಮನ್ನ ಮನೇಲೇ ಬುಟ್ಟು ಬಾ. ನನ್ನ ಎತ್ತು ತಗೊಂಡೋಗು."

ನಾನು ಪೇಟೆಯ ನಡುವಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವಳು. ಅಜ್ಜಿ ಊರಿನ ಎತ್ತು ಎಂದು ಶುರುಮಾಡಿ, ಗದ್ಗದ ತಂದುಕೊಂಡು, "ಸಾಯೋ ದಿನಾನೂ ಎರಡು ಲೀಟರ್ ಹಾಲು ಕೊಡ್ತು ಸಾರ್," ಎಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. ವರ್ಷವಿಡೀ ಪರದೆ ಎಳೆದೆ. ಇನ್ನೊಂದು ಬದಿಯ ಹಗ್ಗ ಹಿಡಿಯಲು ಇವರು ತಾವಾಗಿಯೇ ಬಂದು ನಿಂತರು. ಹಾಗೆ ಶುರುವಾದದ್ದು ನಮ್ಮ ಸಂಸಾರ.

ಕಳೆದ ಆಷಾಢದಲ್ಲಿ ಇವರು ತೀರಿಕೊಂಡರು. ಮೂರು ತಿಂಗಳ ನಂತರ ರಾಜೀವನಗರದ ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ನನಗೆ ಬಂದ ಪಾತ್ರ, ಗಂಡನ ಸಾವಿನ ಸುದ್ದಿ ಕೇಳುವ ಹೆಂಗಸಿನದು. ನಿರ್ದೇಶಕಿ ಚಿಕ್ಕ ಹುಡುಗಿ.

"ಆಂಟಿ, ಅಂಕಲ್‌ನ ನೆನೆಸ್ಕೊಳಿ. ಅಳು ತಾನಾಗೇ ಬರುತ್ತೆ."

ಕೆಟ್ಟವಳಲ್ಲ. ಅವಳಿಗೂ ಯಾರೋ ಹಾಗೇ ಕಲಿಸಿದ್ದರು.

"ಅವರು ಮನೇಲಿರ್ಲಿ ಬಿಡಮ್ಮ. ನನ್ನ ಹತ್ರ ಒಂದು ಎತ್ತಿದೆ," ಎಂದೆ.

ಪ್ರದರ್ಶನದ ದಿನ ರಂಗದ ಮೇಲೆ ಸುದ್ದಿ ಬಂತು, ಕುಸಿದು ಕೂತೆ. ಅಂಗೈ ನೆಕ್ಕುವ ಎತ್ತನ್ನು ನೆನೆದೆ, ಕಣ್ಣೀರು ಬಂತು. ಅದರ ಹಿಂದೆಯೇ ಆ ಎರಡು ಲೀಟರ್ ಹಾಲೂ ನೆನಪಾಯಿತು. ನಗು ತಡೆಯಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು.

"ಆಂಟಿ, ಭುಜ ಅಲುಗಿದ್ದು ಸೂಪರ್! ಅಂಕಲ್‌ನೇ ನೆನೆಸ್ಕೊಂಡ್ರಿ ಅಲ್ವಾ?"

"ಇಲ್ಲ ಕಣಮ್ಮ, ಎತ್ತು ಹಾಲು ಕೊಡ್ತು."

ಮನೆಗೆ ಬಂದು, ಇವರ ಕುರ್ಚಿಯ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ನಕ್ಕೆ. ಆಮೇಲೆ ಅತ್ತೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ.