ಎಲ್ಲಿ ಉಂಡೆ?

ಮೂಡಲಪಾಳ್ಯದಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗಾಗಿ ಇರುವ ಒಂದು ಹಾಸ್ಟೆಲಿಗೆ ನಾನು ಸಂಜೆ ಪಾಠ ಹೇಳಿಕೊಡಲು ಹೋಗುತ್ತೇನೆ. ಒಂದು ದಿನ ಒಳಗೆ ಕಾಲಿಡುವಾಗಲೇ ವಾರ್ಡನ್ ಭಾಗ್ಯಮ್ಮನವರ ದನಿ ಏರಿತ್ತು. ಎದುರಿಗೆ, ಕಾರ್ಕಳ ಕಡೆಯಿಂದ ಹೊಸದಾಗಿ ಬಂದ ಕೊರಗರ ಹುಡುಗಿ ಸುಮತಿ ತಲೆ ತಗ್ಗಿಸಿ ನಿಂತಿದ್ದಳು.

"ನೋಡಿ ಅಮ್ಮ, ಮಧ್ಯಾಹ್ನ ತಟ್ಟೆ ಮುಟ್ಟಲಿಲ್ಲ. ಹೊಟ್ಟೆನೋವಾ ಅಂದ್ರೆ 'ಉಂಡು' ಅಂತಾಳೆ. ಎಲ್ಲಿ ಉಂಡೆ ಅಂದ್ರೆ ಬಾಯಿ ಬಿಡಲ್ಲ. ಗೇಟು ದಾಟಿ ಯಾರ ಮನೇಲೋ ಉಂಡು ಬಂದವ್ಳೆ! ಏನಾದ್ರೂ ಆದ್ರೆ ಅವರಮ್ಮಂಗೆ ಏನ್ ಹೇಳ್ಲಿ? ಬಂದು ಕರ್ಕೊಂಡು ಹೋಗಿ ಅಂತ ಫೋನ್ ಮಾಡ್ಬಿಡ್ತೀನಿ."

ಭಾಗ್ಯಮ್ಮ ಮಂಡ್ಯದವರು. ನಾನು ಮದುವೆಯಾಗಿ ಇಲ್ಲಿಗೆ ಬಂದವಳು, ಹುಟ್ಟಿದ್ದು ಉಡುಪಿಯಲ್ಲಿ.

"ತುಳುವಿನಲ್ಲಿ 'ಉಂಡು' ಅಂದರೆ 'ಇದೆ' ಅಂತ, ಭಾಗ್ಯಮ್ಮ. ಮಗುವಿಗೆ ಹೊಟ್ಟೆನೋವಿದೆ!" ಎಂದೆ. ಸುಮತಿಯ ಕಡೆ ತಿರುಗಿ, "ಬಂಜಿ ಬೇನೆ ಉಂಡಾ?" ಎಂದದ್ದೇ ತಡ, ಅವಳು ನನ್ನ ಸೆರಗು ಹಿಡಿದು ಅಳತೊಡಗಿದಳು.

"ಅಯ್ಯೋ, ನನ್ ಕೂಸೇ!" ಎನ್ನುತ್ತಾ ಭಾಗ್ಯಮ್ಮ ಓಮದ ನೀರು ಕಾಯಿಸಲು ಅಡುಗೆಮನೆಗೆ ಓಡಿದರು. ಕುಡಿದ ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಆಮೇಲೆ ಭಾಗ್ಯಮ್ಮ ನನ್ನ ಹತ್ತಿರ ತುಳುವಿನ ಎರಡು ಮಾತು ಬಾಯಿಪಾಠ ಮಾಡಿಕೊಂಡು, ನಡೆದದ್ದನ್ನು ತಿಳಿಸಲು ಸುಮತಿಯ ತಾಯಿಗೆ ಫೋನ್ ಹಚ್ಚಿ, "ಬೇನೆ ಇಜ್ಜಿ! ನೋವಿಲ್ಲ, ಬೇನೆ ಇಜ್ಜಿ!" ಎಂದು ಕೂಗಿದರು.

"ಕನ್ನಡದಲ್ಲೇ ಹೇಳಿ ಮೇಡಂ, ನಂಗೆ ಚೆಂದ ಅರ್ಥ ಆಗ್ತದೆ" ಎಂದರು ಆ ತಾಯಿ.

ಅಷ್ಟು ಕಷ್ಟಪಟ್ಟು ಕಲಿತ ಭಾಗ್ಯಮ್ಮನಿಗೆ ಅದೊಂದು ಮಾತ್ರ ಇನ್ನೂ ಬೇಜಾರು.